‘ಎಲ್ಲಾ ಫೋನಿನಲ್ಲೇ ಸಿಗುತ್ತದಲ್ಲ?’: ಆಸ್ಪತ್ರೆಯ ಗ್ರಂಥಪಾಲಕಿಯ ಪ್ರಶ್ನೆಗೆ ಉತ್ತರ

ಪ್ರಶ್ನೆ: ಕೊಡಗಿನ ಒಂದು ಟ್ರಸ್ಟ್ ಆಸ್ಪತ್ರೆಯಲ್ಲಿ ಒಂಬತ್ತು ವರ್ಷದಿಂದ ಗ್ರಂಥಪಾಲಕಿಯಾಗಿದ್ದೇನೆ. ನರ್ಸಿಂಗ್ ಶಾಲೆಯ ಪುಸ್ತಕಗಳೂ ನನ್ನ ಸುಪರ್ದಿಯಲ್ಲೇ ಇವೆ. ಹೊಸದಾಗಿ ಬಂದ ಆಡಳಿತಾಧಿಕಾರಿಗಳು ‘ಡಾಕ್ಟರುಗಳಿಗೆ ಬೇಕಾದ್ದೆಲ್ಲ ಫೋನಿನಲ್ಲೇ ಸಿಗುತ್ತದಲ್ಲ, ಈ ಕೋಣೆ ಯಾಕೆ?’ ಎನ್ನುತ್ತಿದ್ದಾರೆ. ಕೋಣೆಯನ್ನು ವಿಮೆ ಕೌಂಟರಿಗೆ ಕೊಟ್ಟು, ನನ್ನನ್ನು ಅರ್ಧ ದಿನ ಮೆಡಿಕಲ್ ರೆಕಾರ್ಡ್ ವಿಭಾಗಕ್ಕೆ ಹಾಕುವ ಮಾತು ನಡೆದಿದೆ. ನವೆಂಬರಿನ ಟ್ರಸ್ಟ್ ಸಭೆಯಲ್ಲಿ ತೀರ್ಮಾನ. ಹಾಜರಿ ಪುಸ್ತಕ ನೋಡಿದರೆ ಬಂದುಹೋಗುವವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಅವರ ಮುಂದೆ ಏನನ್ನು ಇಡಲಿ?

ಉತ್ತರ: ಮೊದಲು, ಆ ಹಾಜರಿ ಪುಸ್ತಕವನ್ನು ಸಭೆಗೆ ಒಯ್ಯಬೇಡಿ. ಕೋಣೆಗೆ ಎಷ್ಟು ಜನ ಬಂದರು ಎಂಬ ಲೆಕ್ಕದ ಮೇಲೆ ವಾದಕ್ಕೆ ನಿಂತರೆ ಆಡಳಿತಾಧಿಕಾರಿಗಳೇ ಗೆಲ್ಲುತ್ತಾರೆ, ಗೆಲ್ಲಬೇಕಾದ್ದೂ ನ್ಯಾಯವೇ. ಅವರ ಕಣ್ಣಿಗೆ ಈಗ ಕಾಣುತ್ತಿರುವುದು ಮೂರೇ: ಒಂದು ಕೋಣೆ, ಒಂದು ಸಂಬಳ, ವರ್ಷಕ್ಕೊಮ್ಮೆ ಬರುವ ಜರ್ನಲ್ ಬಿಲ್ಲು. ಈ ಮೂರರಿಂದ ಆಸ್ಪತ್ರೆಯಲ್ಲಿ ಯಾವ ತೀರ್ಮಾನ ಸರಿಹೋಯಿತು ಎಂಬುದು ಇವತ್ತಿನವರೆಗೆ ಯಾವ ಕಾಗದದಲ್ಲೂ ಬಂದಿಲ್ಲ. ಆ ಕಾಗದ ತಯಾರಾಗಬೇಕು. ಈಗ ಜುಲೈ. ನಾಲ್ಕು ತಿಂಗಳು ಕೈಯಲ್ಲಿದೆ, ಸಾಕು.

ಇಂದಿನಿಂದಲೇ ಒಂದು ಪ್ರಶ್ನೆ ರಿಜಿಸ್ಟರ್ ಇಡಿ. ಉದ್ದ ನೋಟ್‌ಬುಕ್ಕಾದರೂ ಸರಿ, ಎಕ್ಸೆಲ್ ಆದರೂ ಸರಿ. ಅದರಲ್ಲಿ ಇರಬೇಕಾದ ಕಾಲಂಗಳು: ತಾರೀಖು ಮತ್ತು ವೇಳೆ, ಕೇಳಿದವರ ಹುದ್ದೆ ಮತ್ತು ವಿಭಾಗ, ಪ್ರಶ್ನೆ ಒಂದೇ ವಾಕ್ಯದಲ್ಲಿ, ಯಾವುದಕ್ಕಾಗಿ (ವಾರ್ಡಿನಲ್ಲಿರುವ ರೋಗಿ, ಪಾಠ, ಕಮಿಟಿ, ಖರೀದಿ), ಎಷ್ಟು ಹೊತ್ತಿನೊಳಗೆ ಬೇಕಿತ್ತು, ಎಲ್ಲೆಲ್ಲಿ ಹುಡುಕಿದಿರಿ, ಎಷ್ಟು ನಿಮಿಷ ಹಿಡಿಯಿತು, ಏನು ಕೊಟ್ಟಿರಿ. ಇವುಗಳ ನಂತರ ಕೊನೆಗೆ ಇನ್ನೊಂದು ಕಾಲಂ ಖಾಲಿ ಇರಲಿ. ಒಂದು ವಾರದ ನಂತರ ಕೇಳಿದವರನ್ನು ಕಾರಿಡಾರಿನಲ್ಲಿ ಕಂಡಾಗಲೋ ಫೋನಿನಲ್ಲೋ ಒಂದೇ ಮಾತು ಕೇಳಿ: ‘ಅವತ್ತು ಕೊಟ್ಟದ್ದರಿಂದ ಏನಾದರೂ ಬದಲಾಯಿತಾ?’ ಬರುವ ಉತ್ತರವನ್ನು ಆ ಕಾಲಂನಲ್ಲಿ ಹೀಗೆ ಗುರುತು ಹಾಕಿ: ಔಷಧಿ ಅಥವಾ ಡೋಸ್ ಬದಲಾಯಿತು, ಒಂದು ಪರೀಕ್ಷೆ ಬೇಡವಾಯಿತು, ರೋಗಿಯನ್ನು ಬೇಗ ರೆಫರ್ ಮಾಡಿದರು ಅಥವಾ ಇಲ್ಲೇ ಉಳಿಸಿಕೊಂಡರು, ರೋಗಿಗೆ ಹೇಳುವ ಸಲಹೆ ಬದಲಾಯಿತು, ಅಂದುಕೊಂಡದ್ದೇ ಖಚಿತವಾಯಿತು, ಉಪಯೋಗವಾಗಲಿಲ್ಲ.

ಕೊನೆಯ ಎರಡನ್ನು ಬಿಡಬೇಡಿ. ‘ಅಂದುಕೊಂಡದ್ದೇ ಸರಿ’ ಎಂದು ರಾತ್ರಿ ಹನ್ನೊಂದಕ್ಕೆ ಡ್ಯೂಟಿ ಡಾಕ್ಟರರಿಗೆ ಗೊತ್ತಾಗುವುದೂ ಬೆಲೆಯುಳ್ಳದ್ದೇ. ಇನ್ನು ‘ಉಪಯೋಗವಾಗಲಿಲ್ಲ’ ಎಂಬ ನಾಲ್ಕು ಗೆರೆ ಇದ್ದರೇನೇ ಉಳಿದ ಇಪ್ಪತ್ತನ್ನು ಓದುವವರು ನಂಬುವುದು. ಈ ರಿಜಿಸ್ಟರ್ ಹೆಚ್ಚಿನ ಕಡೆ ಕೆಡುವುದು ಎರಡು ಕಾರಣಕ್ಕೆ. ಒಂದು, ಹತ್ತು ಪ್ರಶ್ನೆಗಳ ಫಾರಂ ಮಾಡಿ ಡಾಕ್ಟರರ ಕೈಗೆ ಕೊಡುವುದು. ಅದು ತುಂಬಿ ವಾಪಸ್ ಬರುವುದಿಲ್ಲ. ಇನ್ನೊಂದು, ಮೂರು ತಿಂಗಳು ಬಿಟ್ಟು ಕೇಳುವುದು. ಅಷ್ಟರಲ್ಲಿ ಅವರಿಗೆ ಕೇಸೇ ಮರೆತಿರುತ್ತದೆ. ರೋಗಿಯ ಹೆಸರು, ಐಪಿ (ಒಳರೋಗಿ) ನಂಬರು, ಊರು ಯಾವುದನ್ನೂ ಬರೆಯಬೇಡಿ. ಕೊಡಗಿನಂಥ ಸಣ್ಣ ಜಿಲ್ಲೆಯಲ್ಲಿ ಮನೆತನದ ಹೆಸರೊಂದು ಸಾಕು, ಯಾರೆಂದು ಎಲ್ಲರಿಗೂ ಗೊತ್ತಾಗಲು.

ಪ್ರಶ್ನೆಗಳೇ ಬರುತ್ತಿಲ್ಲ ಎಂದರೆ ಅವು ಹುಟ್ಟುವ ಜಾಗಕ್ಕೆ ನೀವೇ ಹೋಗಬೇಕು. ಫಿಸಿಶಿಯನ್ ಒಪ್ಪಿದರೆ ವಾರಕ್ಕೆ ಎರಡು ಬೆಳಿಗ್ಗೆ ರೌಂಡ್ಸಿನ ಹಿಂದೆ ನಡೆಯಿರಿ. ಬಾಯಿ ಹಾಕಬೇಕಿಲ್ಲ, ‘ಇದನ್ನು ನೋಡಬೇಕು’ ಎಂದು ಯಾರಾದರೂ ಅಂದದ್ದನ್ನು ಬರೆದುಕೊಂಡರೆ ಸಾಕು. ಸಾವಿನ ಪರಿಶೀಲನಾ ಸಭೆ, ಸೋಂಕು ನಿಯಂತ್ರಣ ಸಮಿತಿ, ಔಷಧ ಸಮಿತಿ ಈ ಮೂರಕ್ಕೆ ಆಹ್ವಾನಿತರಾಗಿ ಕೂರಲು ಅನುಮತಿ ಕೇಳಿ. ಉತ್ತರಕ್ಕೆ ಅವಧಿಯನ್ನು ನೀವೇ ಘೋಷಿಸಿ: ಕ್ಯಾಶುಯಾಲಿಟಿಗೆ ಅರ್ಧ ಗಂಟೆ, ವಾರ್ಡಿಗೆ ಅದೇ ದಿನ, ಸಮಿತಿಗೆ ಮೂರು ದಿನ. ಕೊಡುವಾಗ ಹನ್ನೆರಡು ಪಿಡಿಎಫ್ ಕಳಿಸಬೇಡಿ. ಅದು ಹುಡುಕುವ ಕೆಲಸವನ್ನು ಮತ್ತೆ ಅವರ ತಲೆಗೇ ಕಟ್ಟಿದ ಹಾಗೆ. ಅರ್ಧ ಪುಟ ಸಾಕು. ಮೇಲೆ ಪ್ರಶ್ನೆ, ಕೆಳಗೆ ಸಿಕ್ಕಿದ್ದರ ಸಾರ ಮೂರು ಸಾಲು, ಎರಡರಿಂದ ನಾಲ್ಕು ಆಧಾರಗಳು, ಪ್ರತಿಯೊಂದರ ವರ್ಷ ಮತ್ತು ಅದು ಯಾವ ಬಗೆಯ ಅಧ್ಯಯನ ಎಂಬುದು. ಚಿಕಿತ್ಸೆ ಹೀಗೆ ಮಾಡಿ ಎಂದು ಮಾತ್ರ ಎಂದಿಗೂ ಬರೆಯಬೇಡಿ. ಆಧಾರ ತಂದುಕೊಡುವುದು ನಿಮ್ಮ ಕೆಲಸ, ತೀರ್ಮಾನ ಡಾಕ್ಟರರದ್ದು.

‘ಎಲ್ಲಾ ಫೋನಿನಲ್ಲೇ ಸಿಗುತ್ತದೆ’ ಎಂಬ ಮಾತಿಗೆ ಬರೋಣ. ಇದಕ್ಕೆ ಎದುರು ವಾದ ಬೇಡ, ನಿಮ್ಮ ಜಿಲ್ಲೆಯದ್ದೇ ಒಂದು ಉದಾಹರಣೆ ಮುಂದಿಡಿ. ಕಾಫಿ ತೋಟದಲ್ಲಿ ಕಾಲಿಗೆ ಕಚ್ಚುವ ಹಾವುಗಳಲ್ಲಿ ಮೂತಿ ಮೇಲಕ್ಕೆ ಚೂಪಾಗಿರುವ ಒಂದು ಸಣ್ಣ ಮಂಡಲದ ಹಾವಿದೆ, ಡಾಕ್ಟರರ ಮಾತಿನಲ್ಲಿ ಹಂಪ್-ನೋಸ್ಡ್ ಪಿಟ್ ವೈಪರ್. ನಮ್ಮಲ್ಲಿ ಸಿಗುವ ಪ್ರತಿವಿಷ ತಯಾರಾಗುವುದು ನಾಲ್ಕು ಹಾವುಗಳ ವಿಷಕ್ಕೆ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಈ ಸಣ್ಣ ಹಾವು ಆ ಪಟ್ಟಿಯಲ್ಲಿಲ್ಲ. ಇದರ ಕಡಿತದಲ್ಲಿಯೂ ರಕ್ತ ಹೆಪ್ಪುಗಟ್ಟದೇ ಹೋಗಬಹುದು, ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು, ಆದರೆ ವಯಲ್ ಮೇಲೆ ವಯಲ್ ಏರಿಸಿದರೂ ಪ್ರಯೋಜನವಾಗುವುದಿಲ್ಲ. ಪ್ರತಿವಿಷದ್ದೇ ಅಲರ್ಜಿಯ ಅಪಾಯ ಮಾತ್ರ ಉಳಿಯುತ್ತದೆ. ಫೋನಿನಲ್ಲಿ ಬರೀ ‘ಹಾವು ಕಡಿತ ಚಿಕಿತ್ಸೆ’ ಎಂದು ಹುಡುಕಿದವರಿಗೆ ಸಿಗುವುದು ದೊಡ್ಡ ನಾಲ್ಕು ಹಾವುಗಳ ಮಾಹಿತಿ. ವೈದ್ಯಕೀಯ ಲೇಖನಗಳ ಆನ್‌ಲೈನ್ ಸೂಚಿಯಾದ ಪಬ್‌ಮೆಡ್‌ನಲ್ಲಿ ಆ ಸಣ್ಣ ಹಾವಿನ ‘ಹಿಪ್ನೇಲ್’ ಎಂಬ ಕುಲನಾಮ ಹಾಕಿ ಹುಡುಕಿದರೆ ಶ್ರೀಲಂಕಾ ಮತ್ತು ಕೇರಳದ ವರದಿಗಳು ಮೇಲೆ ಬರುತ್ತವೆ. ಯಾವ ಪದ ಹಾಕಬೇಕು ಎಂದು ತಿಳಿದಿರುವುದೇ ನಿಮ್ಮ ವಿದ್ಯೆ. ಆಡಳಿತಾಧಿಕಾರಿಗಳ ಎದುರಿಗೆ ಎರಡೂ ಹುಡುಕಾಟವನ್ನು ಮಾಡಿ ತೋರಿಸಿ, ಐದು ನಿಮಿಷದ ಕೆಲಸ.

ಇದೇ ವಿಷಯದಲ್ಲಿ ಇನ್ನೊಂದು ಎಳೆ ಇದೆ, ಲೆಕ್ಕಪತ್ರದವರಿಗೂ ಥಟ್ಟನೆ ಅರ್ಥವಾಗುವಂಥದ್ದು. ಹಾವು ಕಡಿತದಲ್ಲಿ ಹಾಸಿಗೆಯ ಪಕ್ಕದಲ್ಲೇ ಮಾಡುವ ಇಪ್ಪತ್ತು ನಿಮಿಷದ ರಕ್ತ ಹೆಪ್ಪುಗಟ್ಟುವ ಪರೀಕ್ಷೆಗೆ ಸ್ವಚ್ಛವಾದ, ಒಣಗಿದ ಗಾಜಿನ ಟ್ಯೂಬೇ ಬೇಕು. ಎರಡು ಮಿಲಿಲೀಟರ್ ರಕ್ತ ಹಾಕಿ, ಅಲುಗಾಡಿಸದೆ ಇಪ್ಪತ್ತು ನಿಮಿಷ ಇಟ್ಟು, ಒಮ್ಮೆ ವಾಲಿಸಿ ನೋಡುತ್ತಾರೆ. ಪ್ಲಾಸ್ಟಿಕ್ ಟ್ಯೂಬಾದರೆ, ಅಥವಾ ಸೋಪಿನ ಪುಡಿಯಲ್ಲಿ ತೊಳೆದ ಟ್ಯೂಬಾದರೆ, ಸರಿಯಾಗಿರುವ ರಕ್ತವೂ ಹೆಪ್ಪುಗಟ್ಟದೆ ಮೋಸ ಮಾಡಬಹುದು. ಬೇಡದ ರೋಗಿಗೆ ಪ್ರತಿವಿಷ ಹೋಗುತ್ತದೆ. ಈ ಮಾತನ್ನು ಆಧಾರ ಸಮೇತ ಒಂದು ಪುಟದಲ್ಲಿ ಹಾಕಿ, ಫಿಸಿಶಿಯನ್ ಸಹಿ ಮಾಡಿಸಿ, ಕ್ಯಾಶುಯಾಲಿಟಿಯ ಗೋಡೆಗೆ ಅಂಟಿಸಿ. ಆಮೇಲೆ ಸ್ಟೋರಿನಿಂದ ಗಾಜಿನ ಟ್ಯೂಬು ತರಿಸಿದರು ಎಂಬುದು ನಿಮ್ಮ ರಿಜಿಸ್ಟರಿನ ಕೊನೆಯ ಕಾಲಂನಲ್ಲಿ ಬರಲಿ. ಕರ್ನಾಟಕದಲ್ಲಿ 2024ರ ಫೆಬ್ರವರಿಯಿಂದ ಹಾವು ಕಡಿತವನ್ನು ವರದಿ ಮಾಡಲೇಬೇಕಾದ ಕಾಯಿಲೆ ಎಂದು ಸರ್ಕಾರ ಅಧಿಸೂಚನೆ ಹೊರಡಿಸಿದೆ. ಆ ಆದೇಶದ ಪ್ರತಿಯೂ ಅದೇ ಫೈಲಿನಲ್ಲಿದ್ದರೆ ಆಡಳಿತ ಕಚೇರಿಯವರೇ ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ.

ಹುಡುಕಾಟ ಅರ್ಧಕ್ಕೆ ನಿಂತರೆ ಏನಾಗುತ್ತದೆ ಎಂಬುದಕ್ಕೆ ಜಗತ್ತಿನ ಆಸ್ಪತ್ರೆ ಗ್ರಂಥಪಾಲಕರೆಲ್ಲ ನೆನೆಯುವ ಒಂದು ಘಟನೆಯಿದೆ. 2001ರ ಜೂನ್‌ನಲ್ಲಿ ಅಮೆರಿಕದ ಜಾನ್ಸ್ ಹಾಪ್‌ಕಿನ್ಸ್‌ನಲ್ಲಿ ಆಸ್ತಮಾ ಸಂಶೋಧನೆಗೆ ಸ್ವಯಂಸೇವಕಿಯಾಗಿ ಬಂದಿದ್ದ 24 ವರ್ಷದ ಆರೋಗ್ಯವಂತ ಯುವತಿ, ಹೆಕ್ಸಾಮೆಥೋನಿಯಂ ಎಂಬ ರಾಸಾಯನಿಕವನ್ನು ಉಸಿರಿನಲ್ಲಿ ಒಳಗೆಳೆದುಕೊಂಡ ಬಳಿಕ ಶ್ವಾಸಕೋಶ ಕೆಟ್ಟು ತೀರಿಹೋದಳು. ಅದು ಶ್ವಾಸಕೋಶಕ್ಕೆ ಹಾನಿ ಮಾಡಬಹುದೆಂಬ ವರದಿಗಳು 1950ರ ದಶಕದಲ್ಲೇ ಪ್ರಕಟವಾಗಿದ್ದವು. ಆದರೆ ಆಗ ಪಬ್‌ಮೆಡ್‌ನಲ್ಲಿ ಹುಡುಕಿದರೆ ಸಿಗುತ್ತಿದ್ದುದು 1966ರಿಂದ ಈಚಿನವು ಮಾತ್ರ. ಕಂಪ್ಯೂಟರಿನಲ್ಲಿ ಸಿಗದ್ದು ಇಲ್ಲವೇ ಇಲ್ಲ ಎಂದುಕೊಂಡರೆ ಇಂಥದ್ದಾಗುತ್ತದೆ. ಈಗಿನ ಚಾಟ್‌ಬಾಟ್‌ಗಳ ತೊಂದರೆ ಇದರ ತಿರುಗುಮುರುಗು: ಇಲ್ಲದ ಲೇಖನಕ್ಕೂ ಲೇಖಕರ ಹೆಸರು, ವರ್ಷ, ಪುಟಸಂಖ್ಯೆ ಕೊಟ್ಟುಬಿಡುತ್ತವೆ. ಡಾಕ್ಟರರು ಅಂಥ ಉತ್ತರ ತಂದರೆ ಪ್ರತಿ ಉಲ್ಲೇಖವನ್ನೂ ಪಬ್‌ಮೆಡ್ ಸಂಖ್ಯೆ ಅಥವಾ ಡಿಒಐ (ಪ್ರತಿ ಲೇಖನಕ್ಕೂ ಇರುವ ಗುರುತು ಸಂಖ್ಯೆ) ಹಾಕಿ ಪರಿಶೀಲಿಸಿ, ಇದೆಯೋ ಇಲ್ಲವೋ, ಇದ್ದರೆ ನಿಜಕ್ಕೂ ಆ ಮಾತು ಹೇಳುತ್ತದೆಯೋ ಎಂದು ಬರೆದುಕೊಡಿ. ಮುಂದಿನ ವರ್ಷಗಳಲ್ಲಿ ನಿಮಗೆ ಹೆಚ್ಚಾಗಿ ಬರುವ ಕೆಲಸ ಇದೇ ಆಗುತ್ತದೆ.

ಟ್ರಸ್ಟಿಗಳು ‘ಬೇರೆ ಕಡೆ ಇದನ್ನು ಅಳೆದಿದ್ದಾರೆಯೇ’ ಎಂದು ಕೇಳಿದರೆ ಎರಡು ಅಧ್ಯಯನ ತಿಳಿದಿರಲಿ. 1992ರಲ್ಲಿ ಪ್ರಕಟವಾದ ರೋಚೆಸ್ಟರ್ ಅಧ್ಯಯನದಲ್ಲಿ ನ್ಯೂಯಾರ್ಕ್ ರಾಜ್ಯದ 15 ಆಸ್ಪತ್ರೆಗಳ 208 ಡಾಕ್ಟರುಗಳಲ್ಲಿ ಶೇ. 80 ಮಂದಿ, ಗ್ರಂಥಾಲಯದ ಮಾಹಿತಿಯಿಂದ ಚಿಕಿತ್ಸೆಯ ಯಾವುದಾದರೊಂದು ಅಂಶವನ್ನು ಬೇರೆ ರೀತಿ ಮಾಡಿದೆವು ಎಂದರು. ಔಷಧಿಯ ಆಯ್ಕೆ ಬದಲಾಯಿತು ಎಂದವರು ಶೇ. 45, ಪರೀಕ್ಷೆಗಳ ಆಯ್ಕೆ ಬದಲಾಯಿತು ಎಂದವರು ಶೇ. 51. 118 ಆಸ್ಪತ್ರೆಗಳಿಗೆ ಸೇವೆ ಕೊಡುವ 56 ಗ್ರಂಥಾಲಯಗಳಲ್ಲಿ ಇದನ್ನೇ ದೊಡ್ಡದಾಗಿ ಮಾಡಿ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 16,122 ಜನ ಉತ್ತರಿಸಿದ್ದರು, ಮುಕ್ಕಾಲು ಪಾಲು ಜನ ಅದೇ ಮಾತು ಹೇಳಿದರು. ಎರಡೂ ಕಡೆ ಉತ್ತರಿಸಿದವರು ತಾವೇ ಹೇಳಿಕೊಂಡದ್ದು, ಹೊರಗಿನವರು ಅಳೆದದ್ದಲ್ಲ, ಇದನ್ನು ಮುಚ್ಚಿಡಬೇಡಿ. ಒಂದು ಸಾಲಿನಲ್ಲಿ ಹೇಳಿ ಮುಗಿಸಿ. ಸಭೆಯ ಮನಸ್ಸು ತಿರುಗಿಸುವುದು ನ್ಯೂಯಾರ್ಕಿನ ಅಂಕಿಯಲ್ಲ, ನಿಮ್ಮದೇ ಆಸ್ಪತ್ರೆಯ ನೂರು ಪ್ರಶ್ನೆಗಳು.

ಹಣದ ಲೆಕ್ಕ. ಇಲ್ಲಿ ಅತಿಯಾಸೆ ಬೇಡ. ತಿಂಗಳಿಗೆ 24 ಪ್ರಶ್ನೆ, ಪ್ರತಿಯೊಂದರಲ್ಲಿ ಡಾಕ್ಟರರಿಗೆ ಅರ್ಧ ಗಂಟೆ ಉಳಿಯಿತು ಎಂದುಕೊಳ್ಳಿ, ಒಟ್ಟು 12 ಗಂಟೆ. ತಿಂಗಳಿಗೆ 2 ಲಕ್ಷ ರೂಪಾಯಿ ಸಂಬಳ, 200 ಗಂಟೆ ಕೆಲಸ ಎಂದರೆ ಗಂಟೆಗೆ 1,000 ರೂಪಾಯಿ, ಉಳಿದದ್ದು 12,000. ಇದು ನಿಮ್ಮ ಸಂಬಳಕ್ಕೆ ಸರಿಗಟ್ಟಲಾರದು, ಆದ್ದರಿಂದ ಇದೊಂದನ್ನೇ ನಂಬಿ ಹೋಗಬೇಡಿ. ಹಾಗೆಂದು ‘ಒಂದು ಜೀವ ಉಳಿಯಿತು, ಅದಕ್ಕಿಷ್ಟು ಲಕ್ಷ’ ಎಂದು ಸೇರಿಸಲೂ ಬೇಡಿ. ಲೆಕ್ಕ ಬಲ್ಲವರು ಉಬ್ಬಿಸಿದ ಒಂದು ಅಂಕಿಯನ್ನು ಹಿಡಿದರೆ ಉಳಿದ ಒಂಬತ್ತೂ ಅದರ ಜೊತೆಗೇ ಬಿದ್ದುಹೋಗುತ್ತವೆ.

ಇದಕ್ಕಿಂತ ಗಟ್ಟಿಯಾದದ್ದು ನೀವೇ ಮುಂದಾಗಿ ಕಡಿತಗೊಳಿಸುವ ಖರ್ಚು. ಪ್ರತಿ ಜರ್ನಲ್‌ನ ವಾರ್ಷಿಕ ಚಂದಾವನ್ನು ಅದನ್ನು ತೆರೆದ ಸಲದಿಂದ ಭಾಗಿಸಿ. 38,000 ರೂಪಾಯಿಯ ಜರ್ನಲನ್ನು ವರ್ಷದಲ್ಲಿ ನಾಲ್ಕು ಸಲ ತೆರೆದಿದ್ದರೆ ಸಲಕ್ಕೆ 9,500 ಬಿತ್ತು. ಅದನ್ನು ನಿಲ್ಲಿಸಿ, ಬೇಕಾದ ಲೇಖನವನ್ನು ಬಿಡಿಯಾಗಿ ತರಿಸೋಣ ಎಂದು ನೀವೇ ಬರೆಯಿರಿ. ಒಂದೇ ಜರ್ನಲ್ ಕಾಗದದಲ್ಲೂ ಆನ್‌ಲೈನಿನಲ್ಲೂ ಬರುತ್ತಿದೆಯೇ, ವಿದೇಶಿ ಜರ್ನಲ್‌ಗೆ ಏಜೆಂಟರು ಡಾಲರಿಗೆ ಹಾಕಿದ ದರ ಆ ದಿನದ ಬ್ಯಾಂಕ್ ದರಕ್ಕೆ ಹತ್ತಿರವಿದೆಯೇ ಎಂದೂ ನೋಡಿ. ತನ್ನದೇ ವಿಭಾಗದ ಖರ್ಚನ್ನು ತಾನಾಗಿ ಇಳಿಸುವವರ ಮಾತಿಗೆ ಆಡಳಿತದಲ್ಲಿ ಬೇರೆಯೇ ತೂಕವಿದೆ. ಉಳಿದ ಹಣ ಯಾವುದಕ್ಕೆ ಬೇಕು ಎಂಬುದನ್ನೂ ಅದೇ ಪತ್ರದಲ್ಲಿ ಕೇಳಿಬಿಡಿ, ಇಲ್ಲವಾದರೆ ಅದು ಮುಂದಿನ ವರ್ಷದ ಬಜೆಟ್ಟಿನಿಂದಲೇ ಮಾಯವಾಗುತ್ತದೆ.

ದುಡ್ಡಿಲ್ಲದೆ ಸಿಗುವುದರ ಪಟ್ಟಿಯನ್ನೂ ಇಟ್ಟುಕೊಳ್ಳಿ. ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆಯಲ್ಲಿ 2025ರಿಂದ ಸುಮಾರು 13,000 ಜರ್ನಲ್‌ಗಳು ಸಿಗುತ್ತಿವೆ, ಆದರೆ ಸರ್ಕಾರಿ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಿಗೆ. ನಿಮ್ಮಂಥ ಟ್ರಸ್ಟ್ ಆಸ್ಪತ್ರೆಗೆ ಅದು ನೇರವಾಗಿ ಸಿಗದು. ನರ್ಸಿಂಗ್ ಶಾಲೆ ಮುಂದೆ ಕಾಲೇಜಾಗಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನ ವಿಶ್ವವಿದ್ಯಾಲಯಕ್ಕೆ ಸೇರಿದರೆ ಅದರ ಹೆಲಿನೆಟ್ ಎಂಬ ಡಿಜಿಟಲ್ ಗ್ರಂಥಾಲಯ ಜಾಲದ ಬಗ್ಗೆ ವಿಚಾರಿಸಿ. ಸದ್ಯಕ್ಕೆ ಪಬ್‌ಮೆಡ್ ಸೆಂಟ್ರಲ್‌ನ ಉಚಿತ ಲೇಖನಗಳು ಮತ್ತು ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಪ್ರಮಾಣಿತ ಚಿಕಿತ್ಸಾ ಕ್ರಮಗಳ ಹಾಳೆಗಳು ಎಲ್ಲರಿಗೂ ತೆರೆದಿವೆ. ಹತ್ತಿರದ ಮೆಡಿಕಲ್ ಕಾಲೇಜಿನ ಗ್ರಂಥಾಲಯಕ್ಕೆ ಹೋಗಿ ಅಲ್ಲೇ ಕುಳಿತು ಓದಲು ಹೊರಗಿನವರಿಗೆ ಅವಕಾಶವಿದೆಯೇ ಎಂದು ಪತ್ರ ಬರೆದು ಕೇಳಿ. ಪ್ರಕಾಶಕರ ಒಪ್ಪಂದಗಳು ಅನೇಕ ವೇಳೆ ಇದಕ್ಕೆ ಒಪ್ಪಿಗೆ ಕೊಟ್ಟಿರುತ್ತವೆ.

ಆಸ್ಪತ್ರೆಗಳ ಗುಣಮಟ್ಟ ನೋಡುವ ರಾಷ್ಟ್ರೀಯ ಮಂಡಳಿಯಾದ ಎನ್‌ಎಬಿಎಚ್‌ನ ಮಾನ್ಯತೆ ಇದ್ದರೆ ಅಥವಾ ಪಡೆಯುವ ಯೋಚನೆ ಇದ್ದರೆ ಒಂದು ಕೆಲಸವನ್ನು ಕೇಳಿ ಪಡೆಯಿರಿ: ಮಾರ್ಗಸೂಚಿಗಳ ರಿಜಿಸ್ಟರ್. ಆಧಾರಸಹಿತ ಚಿಕಿತ್ಸಾ ಮಾರ್ಗಸೂಚಿಗಳನ್ನು ಅಳವಡಿಸಿಕೊಳ್ಳಬೇಕೆಂದು ಆ ಮಾನದಂಡಗಳೇ ಹೇಳುತ್ತವೆ. ಯಾವ ಮಾರ್ಗಸೂಚಿ, ಎಷ್ಟನೇ ಆವೃತ್ತಿ, ಯಾವತ್ತು ಒಪ್ಪಿದ್ದು, ಯಾರ ಜವಾಬ್ದಾರಿ, ಮರುಪರಿಶೀಲನೆ ಯಾವಾಗ ಎಂಬ ಐದು ಕಾಲಂ. ತಿಂಗಳಿಗೊಮ್ಮೆ ವಾರ್ಡುಗಳಲ್ಲಿ ಸುತ್ತಿ, ನರ್ಸಿಂಗ್ ಸ್ಟೇಷನ್ನಿನ ಗೋಡೆಯ ಹಳೆಯ ಹಾಳೆ ಕಿತ್ತು ಹೊಸದನ್ನು ಹಾಕಿ. ತಪಾಸಣೆಗೆ ಬಂದವರು ಎರಡು ವಾರ್ಡಿನಲ್ಲಿ ಎರಡು ಆವೃತ್ತಿ ನೋಡಿದರೆ ಆಡಳಿತಾಧಿಕಾರಿಗಳೇ ಉತ್ತರ ಕೊಡಬೇಕಾಗುತ್ತದೆ. ಈ ಕೆಲಸದ ಬೆಲೆ ಅವರಿಗೆ ವಿವರಿಸಬೇಕಾಗಿಲ್ಲ.

ಕೊಡಗಿನ ಋತುಗಳನ್ನೂ ಬಳಸಿಕೊಳ್ಳಿ. ಮೇ ತಿಂಗಳಲ್ಲಿ ಇಲಿಜ್ವರ, ಸ್ಕ್ರಬ್ ಟೈಫಸ್, ಡೆಂಗಿಯ ಕಡತ ಸಿದ್ಧವಾಗಿ ಕ್ಯಾಶುಯಾಲಿಟಿಯ ಕಂಪ್ಯೂಟರಿನಲ್ಲೇ ಇಳಿಸಿಟ್ಟಿರಬೇಕು, ಆನ್‌ಲೈನಿನಲ್ಲಿ ಅಲ್ಲ. ಜಡಿಮಳೆಗೆ ಮರ ಬಿದ್ದು ಕರೆಂಟೂ ನೆಟ್ಟೂ ಹೋದಾಗ ‘ಎಲ್ಲಾ ಫೋನಿನಲ್ಲಿದೆ’ ಎಂಬ ಮಾತು ನಡೆಯುವುದಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡ ಕುಸಿದು ಮಡಿಕೇರಿ–ಸಂಪಾಜೆ ರಸ್ತೆ ಮುಚ್ಚಿ ಮಂಗಳೂರಿನ ಕಡೆಗೆ ಹೋಗುವ ಮುಖ್ಯ ದಾರಿಯೇ ಇಲ್ಲವಾಗಿತ್ತು. ರೆಫರ್ ಮಾಡಲಾಗದ ದಿನದಲ್ಲಿ ಇಲ್ಲೇ ಏನು ಮಾಡಬಹುದು ಎಂಬ ಕಡತಕ್ಕೆ ಎಷ್ಟು ಬೆಲೆ ಎಂದು ಇಲ್ಲಿನ ಡಾಕ್ಟರರಿಗೆ ಗೊತ್ತು. ನವೆಂಬರಿನಲ್ಲಿ ಕಾಫಿ ಕುಯ್ಲಿನ ಕಡತ: ಕಣಜದ ಹಿಂಡು ಕಡಿತ ಮತ್ತು ಅದರಿಂದಾಗುವ ಮೂತ್ರಪಿಂಡ ವೈಫಲ್ಯ, ಏಣಿಯಿಂದ ಬೀಳುವುದು, ಹಾವು. ಡಿಸ್ಚಾರ್ಜ್ ಸಲಹೆ ಹಾಳೆಗಳು ಬರೀ ಕನ್ನಡದಲ್ಲಿದ್ದರೆ ತೋಟದ ಲೈನ್ ಮನೆಗಳಲ್ಲಿರುವ ಅಸ್ಸಾಂ ಕಡೆಯ ಕೆಲಸಗಾರರಿಗೆ ತಲುಪುವುದಿಲ್ಲ. ಯರವ, ಜೇನುಕುರುಬ ಕುಟುಂಬಗಳಲ್ಲಿ ಓದು ಬಾರದವರಿಗೆ ಚಿತ್ರದ ಹಾಳೆ ಬೇಕು, ಮುಖ್ಯವಾಗಿ ಕುಡಗೋಲು ಕಣ ರಕ್ತಹೀನತೆಯ (ಸಿಕಲ್ ಸೆಲ್) ಬಗ್ಗೆ. 2023ರ ಜುಲೈನಲ್ಲಿ ಶುರುವಾದ ರಾಷ್ಟ್ರೀಯ ಅಭಿಯಾನ ಈ ಕಾಯಿಲೆಯದ್ದೇ, ಅದರ ಸಾಮಗ್ರಿಯನ್ನು ತರಿಸಿಕೊಳ್ಳಿ. ಹಾಳೆ ಅರ್ಥವಾಯಿತೇ ಎಂದು ಸಿಸ್ಟರುಗಳ ಮೂಲಕ ಐದು ಜನ ರೋಗಿಗಳ ಹತ್ತಿರ ಪರೀಕ್ಷಿಸಿ ಆಮೇಲೆ ಅಚ್ಚು ಹಾಕಿಸಿ.

ಇವೆಲ್ಲ ಆಡಳಿತಕ್ಕೆ ತಲುಪಬೇಕಾದದ್ದು ತಿಂಗಳಿಗೆ ಒಂದೇ ಪುಟದಲ್ಲಿ, ಪ್ರತಿ ತಿಂಗಳ 5ನೇ ತಾರೀಖು ತಪ್ಪದೆ. ಅಂಕಿ ಹೀಗಿರಲಿ: ‘ಈ ತಿಂಗಳು 26 ಪ್ರಶ್ನೆ. 19ಕ್ಕೆ ಅದೇ ದಿನ ಉತ್ತರ. ಚಿಕಿತ್ಸೆಯಲ್ಲಿ ಬದಲಾವಣೆ 5, ಖಚಿತವಾದದ್ದು 12, ಉಪಯೋಗವಾಗದ್ದು 4, ಮಾರುತ್ತರ ಬರಬೇಕಾದದ್ದು 5.’ ಅದರ ಕೆಳಗೆ ಒಂದು ಪ್ರಶ್ನೆಯ ಕಥೆ ಆರು ಸಾಲಿನಲ್ಲಿ. ಅದರ ಕೆಳಗೆ ಉಳಿಸಿದ ಅಥವಾ ನಿಲ್ಲಿಸಿದ ಖರ್ಚು. ಕೊನೆಗೆ ಒಂದೇ ಒಂದು ಬೇಡಿಕೆ. ಕ್ಯಾಟಲಾಗ್, ವರ್ಗೀಕರಣ, ಬಾರ್‌ಕೋಡ್ ಎಂಬ ಪದಗಳು ಆ ಪುಟದಲ್ಲಿ ಬರಲೇಬಾರದು. ಅವು ನಮ್ಮ ಮನೆಯೊಳಗಿನ ಮಾತು. ನವೆಂಬರ್ ಸಭೆಯಲ್ಲಿ ನೀವೇ ಮಾತನಾಡುವುದಕ್ಕಿಂತ ಫಿಸಿಶಿಯನ್ ಎರಡು ನಿಮಿಷ, ನರ್ಸಿಂಗ್ ಸೂಪರಿಂಟೆಂಡೆಂಟ್ ಎರಡು ನಿಮಿಷ ಮಾತನಾಡಲಿ. ಟ್ರಸ್ಟಿಗಳು ತೋಟದವರಾದರೆ ಕೊಡಗಿನ ಸುಗ್ಗಿ ಹಬ್ಬವಾದ ಹುತ್ತರಿಗೆ ಮೊದಲೇ ಅವರ ಕೈಗೆ ಕಾಗದ ಸೇರಲಿ. ಕುಯ್ಲು ಶುರುವಾದ ಮೇಲೆ ಯಾರಿಗೂ ಪುರುಸೊತ್ತಿರುವುದಿಲ್ಲ, ಸಭೆ ಮುಂದಕ್ಕೆ ಹೋದರೆ ತೀರ್ಮಾನ ಸಭೆಯ ಹೊರಗೇ ಆಗಿಬಿಡುತ್ತದೆ.

ಕೋಣೆಯ ವಿಚಾರದಲ್ಲಿ ನೇರವಾಗಿ ಹೇಳುತ್ತೇನೆ: ಅದಕ್ಕಾಗಿ ಜಗಳವಾಡಬೇಡಿ. ನಾಲ್ಕನ್ನು ಬಿಟ್ಟುಕೊಡಬೇಡಿ: ನಿಮ್ಮ ಹುದ್ದೆಯ ಹೆಸರು, ಒಂದು ಕಂಪ್ಯೂಟರ್ ಮತ್ತು ಲಾಗಿನ್‌ಗಳು, ಪ್ರತ್ಯೇಕ ಬಜೆಟ್ ಶೀರ್ಷಿಕೆ, ಡಾಕ್ಟರುಗಳ ಡ್ಯೂಟಿ ರೂಮಿನ ಪಕ್ಕದಲ್ಲಿ ಒಂದು ಮೇಜು. ಮೂಲೆಯ ದೊಡ್ಡ ಕೋಣೆಗಿಂತ ಆ ಮೇಜಿನ ಬಳಿ ನಿಮಗೆ ಪ್ರಶ್ನೆಗಳು ಹೆಚ್ಚು ಸಿಗುತ್ತವೆ. ನರ್ಸಿಂಗ್ ವಿದ್ಯಾರ್ಥಿಗಳು ಕುಳಿತು ಓದಲು ಬೇರೆ ಜಾಗ ಕೊಡಬೇಕೆಂಬುದನ್ನು ಮಾತ್ರ ಬರಹದಲ್ಲಿ ಪಡೆಯಿರಿ, ಪಾಪ, ಅವರ ಪರವಾಗಿ ಸಭೆಯಲ್ಲಿ ಕೇಳುವವರು ಯಾರೂ ಇರುವುದಿಲ್ಲ. ಮೆಡಿಕಲ್ ರೆಕಾರ್ಡ್ ವಿಭಾಗದ ಕೆಲಸಕ್ಕೂ ಒಲ್ಲೆ ಎನ್ನಬೇಡಿ, ಆದರೆ ವಾರಕ್ಕೆ ಎಷ್ಟು ಗಂಟೆ, ಎಷ್ಟು ತಿಂಗಳು, ಯಾವ ಕೆಲಸ ಎಂದು ಆದೇಶದಲ್ಲೇ ಬರೆಸಿ. ಫೈಲು ಜೋಡಿಸುವುದಕ್ಕಿಂತ ಕ್ಲಿನಿಕಲ್ ಆಡಿಟ್‌ಗೆ (ಕೊಟ್ಟ ಚಿಕಿತ್ಸೆ ಸರಿಯಿತ್ತೇ ಎಂಬ ಪರಿಶೀಲನೆ) ಕೇಸುಗಳನ್ನು ಹೆಕ್ಕಿ, ಅದಕ್ಕೆ ಸಂಬಂಧಿಸಿದ ಮಾರ್ಗಸೂಚಿಯ ಜೊತೆ ಹೊಂದಿಸಿ ಕೊಡುವ ಕೆಲಸವನ್ನು ಕೇಳಿ.

ಈ ವಾರ ಮಾಡಬೇಕಾದ್ದು: ರಿಜಿಸ್ಟರಿಗೆ ಗೆರೆ ಹಾಕಿ, ಫಿಸಿಶಿಯನ್‌ರನ್ನು ಕಂಡು ರೌಂಡ್ಸಿಗೆ ಅನುಮತಿ ಕೇಳಿ, ಹಾವು ಕಡಿತದ ಪುಟದ ಕರಡು ಅವರ ಕೈಗಿಡಿ. ಮೊದಲ ತಿಂಗಳು ಎಂಟು ಪ್ರಶ್ನೆ ಬಂದರೂ ಎಂಟೆಂದೇ ಬರೆದು ಆಗಸ್ಟ್ 5ಕ್ಕೆ ಪುಟ ಕಳಿಸಿ.